ನಮ್ಮ ಮನೆಯ ಹಂಗಾಮಿ ಕ್ಯಾಪ್ಟನ್ನರು

ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಕ್ಯಾಪ್ಟನ್ ಅಂತ ಯಾವತ್ತೂ ಯಾರೂ ಇರಲಿಲ್ಲ. ಇದ್ದವರೆಲ್ಲ ಹಂಗಾಮಿ ಕ್ಯಾಪ್ಟನ್ನರು. ಮೊದಲು ನಮ್ಮಜ್ಜ, ಆಮೇಲೆ ಅಪ್ಪ, ಆಮೇಲೆ ನಾನು. ಕಚೇರಿಯಲ್ಲಿ ಸಾಹೇಬರು ರಜೆ ಹೋದರೆ ನಾಲ್ಕು ದಿನ ಅವರ ಕುರ್ಚಿಯಲ್ಲಿ ಕೂರುವವರನ್ನು ಹಂಗಾಮಿ ಅನ್ನುತ್ತಾರಲ್ಲ, ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಮೂರು ತಲೆಮಾರು ನಡೆಯಿತು. ನಾಲ್ಕನೆಯವನು ನನ್ನ ಮಗ. ಅವನು ಕ್ಲಬ್ಬನ್ನು ಕೈಗೆ ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂಬುದೊಂದೇ ಹೋದ ವರ್ಷವೆಲ್ಲ ನನ್ನ ಚಿಂತೆಯಾಗಿತ್ತು. ಅದು ಹೇಗೆ ಮುಗಿಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಅಂಬ್ಲಿಗೊಳದ ಅಣೆಕಟ್ಟೆಯ ಕೆಲಸ ನಡೆಯುವಾಗ ಕರಾವಳಿ ಕಡೆಯ ಒಬ್ಬ ಓವರ್‌ಸಿಯರ್ ಬಂದಿದ್ದರಂತೆ. ಅವರಿಗೆ ಫುಟ್‌ಬಾಲ್ ಹುಚ್ಚು. ಭಾನುವಾರ ಕೆಲಸವಿರುತ್ತಿರಲಿಲ್ಲ. ಮಣ್ಣು ಹೊರುವವರನ್ನೂ ಕಲ್ಲು ಒಡೆಯುವವರನ್ನೂ ಸೇರಿಸಿ ಚೆಂಡು ಕೊಟ್ಟು ಆಡಿಸಿದರು. ಸರ್ಕಾರಿ ಮನುಷ್ಯರಾದ್ದರಿಂದ ಅದಕ್ಕೊಂದು ಹೆಸರು, ಒಂದು ಪುಸ್ತಕ. ಗಟ್ಟಿ ರಟ್ಟಿನ, ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ಪುಸ್ತಕ. ಎಷ್ಟು ಜನ ಬಂದರು, ಎಷ್ಟು ಗೋಲು ಬಿದ್ದವು ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಅಜ್ಜನಿಗೆ ಆಗ ಮೂವತ್ತರ ಮೇಲೆ ನಾಲ್ಕೈದು. ಬರಿಗಾಲಲ್ಲಿ ಆಡುತ್ತಿದ್ದರು. ಮುಂದೆ ಅವರಿಗೆ ನೀರುಗಂಟಿ ಕೆಲಸ ಸಿಕ್ಕಿತು, ಕಾಲುವೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಕೆಲಸ.

ಕಟ್ಟೆ ಮುಗಿಯಿತು. ಓವರ್‌ಸಿಯರ್‌ಗೆ ಬೇರೆ ಕಡೆ ವರ್ಗವಾಯಿತು. ಹೋಗುವ ದಿನ ಅವರು ಅಜ್ಜನನ್ನು ಕರೆದು, ಪುಸ್ತಕದಲ್ಲಿ ಏನೋ ಬರೆದು, ಗಟ್ಟಿಯಾಗಿ ಓದಿ ಹೇಳಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಓದಿದ್ದು ಪುಸ್ತಕದ ಕನ್ನಡ. ಅದರಲ್ಲಿ ಅಜ್ಜನಿಗೆ ಅರ್ಥವಾಗಿದ್ದು 'ಹಂಗಾಮಿ' ಅನ್ನುವ ಒಂದು ಮಾತು, 'ಆದೇಶ ಬರುವವರೆಗೆ' ಅನ್ನುವ ಇನ್ನೊಂದು ಮಾತು. ಚೆಂಡು, ಬಲೆ, ಗಾಳಿ ಪಂಪು ಎಲ್ಲ ಹೊತ್ತು ಶಿಕಾರಿಪುರಕ್ಕೆ ಬಂದು ಅಜ್ಜಿಗೆ ಹೇಳಿದರಂತೆ, "ಸಾಹೇಬ್ರು ನನ್ನ ಹಂಗಾಮಿ ಕ್ಯಾಪ್ಟನ್ ಮಾಡಿ ಹೋಗ್ಯಾರೆ. ಅವ್ರು ತಿರುಗಿ ಬರೋಗಂಟ ಬಿಡಂಗಿಲ್ಲ."

ಬಿಡಲಿಲ್ಲ. ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಪ್ರತಿ ಭಾನುವಾರ ಸಂಜೆ ಆಟ. ಸಾಹೇಬರು ಬರೆದ ಪುಟಗಳು ಮಾಸಬಾರದೆಂದು ಅವಷ್ಟನ್ನೂ ಒಟ್ಟಿಗೆ ಸೇರಿಸಿ ಹುರಿ ಸುತ್ತಿ ಕಟ್ಟಿದರು. ಆಯುಧಪೂಜೆಯ ದಿನ ಪುಸ್ತಕಕ್ಕೂ ಪಂಪಿಗೂ ಕುಂಕುಮ. ಉಳಿದ ಪುಟಗಳಲ್ಲಿ ಅಜ್ಜ ಭಾನುವಾರ ಬಂದವರಿಗೆ ತಲೆಗೊಂದರಂತೆ ಗೀಟು ಎಳೆದರು. ಅಪ್ಪನೂ ಗೀಟು ಎಳೆದರು. ಇಬ್ಬರಿಗೂ ಓದು ಬರುತ್ತಿರಲಿಲ್ಲ. ಪುಟ ತಿರುವುತ್ತಾ ಹೋದರೆ ಗೀಟುಗಳು ಕಮ್ಮಿಯಾಗುತ್ತಾ ಹೋಗುವುದು ಯಾರಿಗಾದರೂ ಕಾಣುತ್ತದೆ.

ವರ್ಷಕ್ಕೊಮ್ಮೆ ಸೊರಬದ ತಂಡದ ಜೊತೆ ಪಂದ್ಯ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ನನ್ನ ನೆನಪಿನಲ್ಲಿ ನಾವು ಗೆದ್ದಿದ್ದು ಎರಡು ಸಲ. ಒಂದು ಸಲ ಅವರ ಕಡೆಯ ಅರ್ಧ ಜನಕ್ಕೆ ಮದುವೆ ಊಟದಲ್ಲಿ ಹೊಟ್ಟೆ ಕೆಟ್ಟಿತ್ತು. ಆದರೂ ಗೆಲುವು ಗೆಲುವೇ ಅಂತ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಇಡೀ ತಂಡಕ್ಕೆ ಮಂಡಕ್ಕಿ ಕೊಡಿಸಿದ್ದರು. ನನ್ನ ಹೆಂಡತಿಯೂ ಸೊರಬದವಳೇ. ಸೋಲುವುದಕ್ಕೆ ಹೋದ ಊರಿನಲ್ಲೇ ಹೆಣ್ಣು ನೋಡಿಕೊಂಡು ಬಂದ ಎಂದು ತಂಡದವರು ನಗುತ್ತಿದ್ದರು. ಅವಳ ತಮ್ಮನೇ ಈಗ ಆ ಊರಿನ ತಂಡ ನಡೆಸುವವನು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಸ್‌ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ ಇದೆ. ಮದುವೆಯಾಗಿ ಮಗ ಹುಟ್ಟಿದ ಮೇಲೆ, ನನಗೆ ಮೂವತ್ತೆರಡಾದಾಗ, ನಿವೃತ್ತ ಮೇಷ್ಟರೊಬ್ಬರ ಹತ್ತಿರ ದಿನಾ ಬೆಳಿಗ್ಗೆ ಕೂತು ಕಲಿತು ಎಸ್ಸೆಸ್ಸೆಲ್ಸಿ ಕಟ್ಟಿದೆ. ಅಕ್ಷರ ಕೈಗೆ ಹತ್ತಿದ ಮೇಲೆ ಕಂಡದ್ದನ್ನೆಲ್ಲ ಓದುವ ಚಪಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಟ್ರಂಕಿನಿಂದ ಪುಸ್ತಕ ತೆಗೆದು ಅಜ್ಜ ಕಟ್ಟಿದ್ದ ಹುರಿ ಬಿಚ್ಚಿದೆ. ಸಾಹೇಬರ ಅಕ್ಷರ ಕಾಲುವೆಯಲ್ಲಿ ನೀರು ಹರಿದ ಹಾಗೆ ಒಂದಕ್ಕೊಂದು ಕೂಡಿಕೊಂಡಿತ್ತು. ಬೆರಳಿಟ್ಟು ಓದಬೇಕಾಯಿತು. ಹನ್ನೆರಡನೇ ಪುಟದಲ್ಲಿ ಅವರ ಕೊನೆಯ ಬರಹವಿತ್ತು.

'ಕಾಮಗಾರಿ ಮುಗಿದ ಕಾರಣ ಈ ಕ್ಲಬ್ಬನ್ನು ವಿಸರ್ಜಿಸಲಾಗಿದೆ. ಚೆಂಡು ಒಂದು, ಬಲೆ ಎರಡು, ಪಂಪು ಒಂದು, ಇವುಗಳನ್ನು ಬೇರೆ ಆದೇಶ ಬರುವವರೆಗೆ ಹಂಗಾಮಿಯಾಗಿ ಈ ಕೆಳಗೆ ಹೆಬ್ಬೆಟ್ಟು ಹಾಕಿದವನ ವಶಕ್ಕೆ ಕೊಟ್ಟಿದೆ.'

ಕೆಳಗೆ ಅಜ್ಜನ ಹೆಬ್ಬೆಟ್ಟು.

ಹಂಗಾಮಿ ಅಂದದ್ದು ಚೆಂಡಿಗೆ. ಅಜ್ಜನಿಗಲ್ಲ. ಕ್ಲಬ್ಬು ಅವತ್ತೇ ಮುಗಿದಿತ್ತು. ನಾನು ಮೂರು ಸಲ ಓದಿದೆ, ಹೊಸದಾಗಿ ಕಲಿತವನು, ತಪ್ಪು ಓದಿರಬಹುದು ಅಂತ. ತಪ್ಪಿರಲಿಲ್ಲ. ಓದು ಕಲಿತದ್ದಕ್ಕೆ ಬೇಜಾರಾಗಿದ್ದು ಅವತ್ತೊಂದೇ ದಿನ.

ಅಪ್ಪನಿಗೆ ಹೇಳದೆ ಇರಲಾಗಲಿಲ್ಲ. ಅವರು ಅಂಗಳದಲ್ಲಿ ಚೆಂಡಿನ ಹೊಲಿಗೆ ಹಾಕುತ್ತಾ ಕೂತಿದ್ದರು. ಓದಿ ಹೇಳಿದೆ. ಸೂಜಿ ನಿಂತಿತು.

"ವಿಸರ್ಜನೆ ಅಂದ್ರೆ ಏನಾತು?" ಅಂದರು. "ಗಣಪ್ತಿನೂ ವಿಸರ್ಜನೆ ಮಾಡ್ತಾರೆ. ಮುಂದಿನ ವರ್ಷ ಬರಲ್ವೇನು ಅವ್ನು?"

"ಅದು ಬೇರೆ ಅಪ್ಪ. ಇದು ಮುಚ್ಚೀವಿ ಅಂತ ಬರ್ದಿರೋದು."

"ನಾಕಕ್ಷರ ಕಲ್ತೆ ಅಂತ ಸಾಹೇಬ್ರಿಗೆ ಬುದ್ಧಿ ಹೇಳಕ್ಕೆ ಬರ್ಬ್ಯಾಡ. ನಮ್ಮಪ್ಪ ಎದುರಿಗೆ ನಿಂತು ಕೇಳ್ಸಿಕಂಡೋನು. ನೀನು ಈಗ ಓದೋನು." ಮತ್ತೆ ಸೂಜಿ ಚುಚ್ಚುತ್ತಾ ಮೆಲ್ಲಗೆ ಅಂದರು, "ಕಟ್ಟಿಡು ಅದ್ನ. ನಿನ್ ಮಗಂಗೆ ಹೇಳ್ಬ್ಯಾಡ."

ಹೇಳಲಿಲ್ಲ. ಹುರಿ ಕಟ್ಟಿಟ್ಟೆ. ಅಪ್ಪ ಇನ್ನೂ ಹದಿನೆಂಟು ವರ್ಷ ಬದುಕಿದರು. ಕಾಲಲ್ಲಿ ಶಕ್ತಿ ಹೋದ ಮೇಲೂ ಭಾನುವಾರ ಕೆರೆ ಏರಿಯ ಮೇಲೆ ಕೂತು "ಎಡಕ್ ಬಿಡ್ರಲೇ, ಎಡಕ್ಕೆ!" ಅಂತ ಕೂಗುತ್ತಿದ್ದರು. ಮಗನಿಗೆ ಆರು ವರ್ಷವಾದಾಗ ಅವರೇ ಅವನನ್ನು ಬಯಲಿಗೆ ಕರೆತಂದು ಚೆಂಡಿನ ಮುಂದೆ ನಿಲ್ಲಿಸಿದ್ದು. ನಾನು ನೋಡುತ್ತಾ ನಿಂತಿದ್ದೆ.

ಮಗನಿಗೆ ಈಗ ಇಪ್ಪತ್ತಮೂರು. ಮೊಬೈಲ್ ರಿಪೇರಿ ಮಾಡುತ್ತಾನೆ. ಅಜ್ಜನೂ ಅಪ್ಪನೂ ನಾನೂ ಸೇರಿದರೂ ಅವನ ಎಡಗಾಲಿನ ಆಟ ನಮಗೆ ಬರುವುದಿಲ್ಲ. ತಂಡದಲ್ಲಿ ಉಳಿದವರೆಲ್ಲ ನಲವತ್ತು ದಾಟಿದವರು. ಒಬ್ಬ ಆಟೋ ಓಡಿಸುವವನು, ಉಡುತಡಿಯಿಂದ ಸೈಕಲ್ಲಿನಲ್ಲಿ ಬರುವ ರೈತನೊಬ್ಬ, ಅಡಿಕೆ ಮಂಡಿಯಲ್ಲಿ ಚೀಲ ಹೊಲಿಯುವ ಇಬ್ಬರು, ಹೀಗೆ ಒಟ್ಟು ಒಂಬತ್ತು ಜನ.

ಹೋದ ವರ್ಷ ಪಂದ್ಯಕ್ಕೆ ಎರಡು ತಿಂಗಳಿರುವಾಗ ಭಾಮೈದ ಮನೆಗೆ ಬಂದ. ಊಟಕ್ಕೆ ಕೂತಿದ್ದೆವು.

"ಎಂತಾ ಭಾವ, ಈ ಸಲ ನಿಮ್ ಟೀಮು ಬಸ್ಸಲ್ಲಿ ಬರ್ತದಾ, ಒಂದೇ ಆಟೋದಲ್ಲಿ ಹಿಡಿತದಾ?"

"ಆಟೋದಲ್ಲಿ ಬಂದ್ರೂ ಆಡೋರು ನಾವೇ ಕಣಪ್ಪ."

"ಆಡ್ತೀರಿ, ಇಲ್ಲ ಅನ್ನಲ್ಲ. ಹೋದ್ ಸಲ ನಿಮ್ ಗೋಲ್‌ಕೀಪರ್ ಬಾಲ್ ಹಿಡಿಯಕ್ಕೆ ಬಗ್ಗಿದೋರು ಮೇಲೆ ಏಳಲೇ ಇಲ್ಲ ಮಾರಾಯ್ರೆ. ಗೋಲ್ ಹೊಡ್ದೋರೇ ಹೋಗಿ ಸೊಂಟ ಹಿಡ್ದು ಎಬ್ಬಿಸ್ಬೇಕಾಯ್ತು."

ಹೆಂಡತಿ ಸಾರು ಬಡಿಸುತ್ತಾ ನಕ್ಕಳು. ಭಾಮೈದ ನನ್ನ ಮಗನ ಬೆನ್ನು ತಟ್ಟಿದ. "ಇವ್ನ ನಮಗೆ ಕೊಡಿ ಭಾವ. ಅಕ್ಕನ ಮಗ, ನನ್ನ ಅಳಿಯ. ಅರ್ಧ ನಮ್ಮೋನೇ ಅಲ್ವಾ?"

"ಅರ್ಧ ಯಾವ ಕಡೇದೋ? ಮೇಲಿಂದಾ, ಕೆಳಗಿಂದಾ?" ಅಂದಳು ಹೆಂಡತಿ.

"ಕಾಲಿರೋ ಅರ್ಧ ಸಾಕು ಅಕ್ಕ. ತಲೆ ನೀವೇ ಇಟ್ಕಳಿ."

ಎಲ್ಲರೂ ನಕ್ಕರು. ಮಗ ನಗಲಿಲ್ಲ. ತಟ್ಟೆ ನೋಡುತ್ತಾ ಅನ್ನ ಕಲಸುತ್ತಿದ್ದ. ಆ ತಂಡದಲ್ಲಿ ತರಬೇತಿ ಕೊಡುವವರಿದ್ದಾರೆ, ಬೇರೆ ತಾಲ್ಲೂಕುಗಳಿಗೆ ಆಡಲು ಹೋಗುತ್ತಾರೆ, ಅವನ ವಯಸ್ಸಿನ ಹುಡುಗರಿದ್ದಾರೆ. ಅವನು ಹೋಗುತ್ತೇನೆ ಅಂದರೆ ಬೇಡ ಅನ್ನಲು ನನ್ನ ಹತ್ತಿರ ಒಂದೇ ಮಾತಿತ್ತು. ಇದು ನಿನ್ನ ಮುತ್ತಜ್ಜನಿಗೆ ಸಾಹೇಬರು ಒಪ್ಪಿಸಿ ಹೋದ ಕ್ಲಬ್ಬು ಅನ್ನುವ ಮಾತು. ಭಾಮೈದ ಹೋದ ಮೇಲೆ ಅದನ್ನೇ ಆಡಿದೆ. ಆಡುವಾಗ ನನ್ನ ನಾಲಿಗೆ ತೊದಲಲೂ ಇಲ್ಲ.

ನಾಲ್ಕು ದಿನ ಬಿಟ್ಟು ಮಗ ಅಂಗಡಿಗೆ ಬಂದ. ನಾನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದೆ.

"ಅಪ್ಪ, ನಾನು ಮಾವಂಗೆ ಆಗಲ್ಲ ಅಂದೆ."

ಎದ್ದು ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಕೈಯೆಲ್ಲ ಮಸಿ. "ಚಲೋ ಆತು" ಅಂದೆ ಅಷ್ಟೇ.

"ಆದ್ರೆ ಹಂಗಾಮಿ ಗಿಂಗಾಮಿ ನನ್ಕೈಲಿ ಆಗಲ್ಲ. ಮಾಡಿದ್ರೆ ಸರಿಯಾಗಿ ಮಾಡಾಣ. ಬಯಲಲ್ಲಿ ಆಡಕ್ಕೆ ಇನ್ಮೇಲೆ ಪುರಸಭೆ ಪತ್ರ ಬೇಕಂತೆ, ರಿಜಿಸ್ಟರ್ ಆಗಿರೋ ಸಂಘಕ್ಕೆ ಮಾತ್ರ ಕೊಡ್ತಾರಂತೆ. ನಾನು ಮಾಡಿಸ್ತೀನಿ. ಹಳೇ ಸಂಘ ಅಂದ್ರೆ ಬೇಗ ಆಗ್ತದೆ ಅಂದ್ರು. ಅದಕ್ಕೆ ಮುತ್ತಜ್ಜನ ಕಾಲದ ಪುಸ್ತಕ ತೋರಿಸ್ಬೇಕು."

ತೊಟ್ಟಿಯಲ್ಲಿ ಗುಳ್ಳೆ ಬರುತ್ತಿತ್ತು. ನಾನು ಟ್ಯೂಬು ಕೈಬಿಟ್ಟೆ.

ಅಪ್ಪ ಹೋದ ಮೇಲೆ ಪುಸ್ತಕ ಟ್ರಂಕಿನಿಂದ ಹೊರಗೆ ಬಂದಿರಲಿಲ್ಲ. ಮೂರು ವಾರ ಏನೇನೋ ಹೇಳಿದೆ. ಟ್ರಂಕಿನ ಬೀಗದ ಕೈ ಸಿಗುತ್ತಿಲ್ಲ. ಅಜ್ಜಿ ತವರಿಗೆ ಒಯ್ದಿರಬಹುದು. ಗೆದ್ದಲು ಹಿಡಿದಿರಬಹುದು. ಅವನು ಪ್ರತಿ ಸಲವೂ ನಂಬಿದ. ಅಷ್ಟರಲ್ಲಿ ಅರ್ಜಿ ತಂದ, ಒಂಬತ್ತೂ ಜನರ ಮನೆಗೆ ಹೋಗಿ ಸಹಿ ಹಾಕಿಸಿದ, ಉಡುತಡಿಗೂ ಹೋಗಿ ಬಂದ. ಅಧ್ಯಕ್ಷ ಅನ್ನುವ ಜಾಗದಲ್ಲಿ ತನ್ನ ಹೆಸರು ಬರೆದಿದ್ದ. ಅದನ್ನು ನನಗೆ ತೋರಿಸಿ, "ಹಿಂದೆ ಮುಂದೆ ಏನೂ ಇಲ್ಲ ನೋಡು ಅಪ್ಪ, ಬರೀ ಅಧ್ಯಕ್ಷ" ಅಂದ. ಕೊನೆಗೆ, "ಶುಕ್ರವಾರದೊಳಗೆ ಕೊಡ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಮಾವಂಗೆ ಹೂಂ ಅಂತೀನಿ" ಅಂದ.

ಬುಧವಾರ ಮಧ್ಯಾಹ್ನ ಪುಸ್ತಕವನ್ನು ಅಂಗಡಿಗೆ ತಂದೆ. ಟ್ಯೂಬು ಕತ್ತರಿಸುವ ಬ್ಲೇಡು ಹೊಸದು ಹಾಕಿ, ಸ್ಕೇಲಿಟ್ಟು, ಆ ಹಾಳೆಯನ್ನು ಬುಡದಿಂದ ಕೊಯ್ದೆ. ಕೈಗೆ ಬಂದ ಮೇಲೆ ಹಿಂದೆ ತಿರುಗಿಸಿ ನೋಡಿದೆ. ಹನ್ನೊಂದನೇ ಪುಟದಲ್ಲಿ ತಂಡದವರ ಹೆಸರುಗಳಿದ್ದವು. ಒಂಬತ್ತನೆಯದು ಅಜ್ಜನದು. ಇಡೀ ಪುಸ್ತಕದಲ್ಲಿ ಅವರ ಹೆಸರಿದ್ದದ್ದು ಅದೊಂದೇ ಕಡೆ. ಆ ಹಾಳೆಯನ್ನು ಸುಡಲೂ ಆಗಲಿಲ್ಲ, ತಿರುಗಿ ಅಂಟಿಸಲೂ ಆಗಲಿಲ್ಲ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಶುಕ್ರವಾರ ಇಬ್ಬರೂ ಸಂಘ ರಿಜಿಸ್ಟರ್ ಮಾಡುವ ಕಚೇರಿಗೆ ಹೋದೆವು. ಗುಮಾಸ್ತರು ಒಳ್ಳೆಯವರು. ಪುಸ್ತಕ ನೋಡಿ ಖುಷಿಪಟ್ಟರು. "ಎಂಥಾ ಅಕ್ಷರ ನೋಡ್ರೀ, ಈಗ ಯಾರು ಬರೀತಾರೆ ಹಿಂಗೆ!" ಅನ್ನುತ್ತಾ ಮೊದಲ ಪುಟ ಓದಿದರು. ಅಲ್ಲಿ ಸಾಹೇಬರು, ಸರ್ಕಾರಿ ಪುಸ್ತಕಗಳಿಗೆ ಬರೆಯುವ ಹಾಗೆ, ಈ ಪುಸ್ತಕದಲ್ಲಿ ಒಂದರಿಂದ ತೊಂಬತ್ತಾರರವರೆಗೆ ಪುಟಗಳಿವೆ ಎಂದು ಬರೆದು ಸಹಿ ಮಾಡಿದ್ದರು. ಎಲ್ಲ ಪುಟಗಳಿಗೂ ಅವರೇ ನಂಬರು ಹಾಕಿದ್ದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಎಷ್ಟಾದರೂ ತಡವಾಗಿ ಕಲಿತವನು. ಪುಸ್ತಕದಲ್ಲಿ ಬರೆದದ್ದನ್ನಷ್ಟೇ ಓದಿದ್ದೆ, ಪುಸ್ತಕವನ್ನು ಓದಿರಲಿಲ್ಲ.

ಗುಮಾಸ್ತರ ಬೆರಳು ನಿಂತಿತು. "ಹತ್ತಾದ್ಮೇಲೆ ಹದಿಮೂರು ಐತಲ್ರೀ?"

ನಾನು ಬಾಯಿ ತೆರೆಯುವ ಮೊದಲೇ ಮಗ ಅಂದ, "ಗೆದ್ಲು ಸಾರ್. ಹಳೇ ಟ್ರಂಕಲ್ಲಿತ್ತು."

ಗುಮಾಸ್ತರು ಹಾಳೆಯ ಬುಡವನ್ನು ಬೆರಳಿನಲ್ಲಿ ಸವರಿದರು. "ಗೆದ್ಲು ಇಷ್ಟು ನೆಟ್ಟಗೆ ತಿನ್ನಲ್ಲಪ್ಪ."

ಮಗ ನನ್ನ ಕಡೆ ತಿರುಗಿದ. ಅರ್ಜಿ, ಪುಸ್ತಕ ಎರಡನ್ನೂ ಮೇಜಿನ ಮೇಲಿಂದ ತೆಗೆದುಕೊಂಡು, "ಇನ್ನೊಂದಿನ ಬರ್ತೀವಿ ಸಾರ್" ಅಂದ.

ಹೊರಗೆ ಬೈಕ್ ನಿಲ್ಲಿಸುವ ಜಾಗದಲ್ಲಿ ನಾನು ಜೇಬಿನಿಂದ ಹಾಳೆ ತೆಗೆದು ಕೊಟ್ಟೆ. ಅವನು ಒಂದು ಮಗ್ಗುಲು ಓದಿದ. ಅಜ್ಜನ ಹೆಸರಿನ ಹತ್ತಿರ ತುಸು ನಿಂತ. ತಿರುಗಿಸಿ ಇನ್ನೊಂದು ಮಗ್ಗುಲು ಓದಿದ. ಅವನಿಗೆ ಬೆರಳಿಟ್ಟು ಓದುವ ಅವಶ್ಯಕತೆ ಇರಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಎಸ್ಸೆಸ್ಸೆಲ್ಸಿ ಓದೋವಾಗ."

"ಅಂದ್ರೆ ನಾನು ಆಡಕ್ಕೆ ಬರೋಕ್ಕಿಂತ ಮುಂಚೆನೇ."

"ಹೂಂ."

"ಮುತ್ತಜ್ಜನಿಗೆ ಓದಕ್ಕೆ ಬರ್ತಿರ್ಲಿಲ್ಲ. ಅವ್ರು ನಂಬಿದ್ರು, ಸರಿ. ಅಜ್ಜನೂ ಸರಿ." ಅವನ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀನು ಓದಿದ್ದೆ ಅಪ್ಪ. ಓದಿನೂ ನನ್ನ ನಿಲ್ಸಿದೆ."

"ಹೇಳಿದ್ರೆ ನೀನು ಬಿಟ್ ಹೋಗ್ತೀಯ ಅಂತ..."

"ಹೋಗ್ತಿರ್ಲಿಲ್ಲ. ಮುಚ್ಚಿದ್ದ ಕ್ಲಬ್ಬನ್ನ ಹೆಬ್ಬೆಟ್ಟಿನೋರು ಇಷ್ಟು ವರ್ಷ ನಡ್ಸಿದ್ರು ಅಂದಿದ್ರೆ ಇನ್ನೂ ಜಾಸ್ತಿ ಆಡ್ತಿದ್ದೆ. ನೀನು ಕೇಳ್ಲೇ ಇಲ್ಲ ನನ್ನ."

ಹಾಳೆಯನ್ನು ಅವನು ಪುಸ್ತಕದೊಳಗೆ ಇಟ್ಟ. ಪುಸ್ತಕ ನನ್ನ ಕೈಗೆ ಕೊಟ್ಟ. ಅರ್ಜಿಯನ್ನು ಎರಡಾಗಿ ಹರಿದು, ಎಲ್ಲಿ ಹಾಕುವುದೆಂದು ಆ ಕಡೆ ಈ ಕಡೆ ನೋಡಿ, ತನ್ನ ಜೇಬಿಗೇ ತುರುಕಿಕೊಂಡ. ಅವತ್ತು ಸಂಜೆ ಮಾವನಿಗೆ ಫೋನ್ ಮಾಡಿದ.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅವನು ಮೊದಲಿನ ಹಾಗೆಯೇ ಅಪ್ಪ ಅನ್ನುತ್ತಾನೆ, ನನ್ನ ಫೋನಿನ ಚಾರ್ಜರ್ ಕೆಟ್ಟರೆ ತಂದು ಕೊಡುತ್ತಾನೆ. ಭಾನುವಾರ ಮಾತ್ರ ಬೆಳಿಗ್ಗೆಯೇ ಸೊರಬದ ಬಸ್ಸು ಹತ್ತುತ್ತಿದ್ದ. ಹೆಂಡತಿ ಒಂದು ದಿನ, "ನಿಮ್ ಅಪ್ಪ ಹೇಳ್ಬ್ಯಾಡ ಅಂದಿದ್ದಕ್ಕೆ ಹೇಳ್ಲಿಲ್ಲ ಅಂತಾದ್ರೂ ಹೇಳ್ಬೇಕಿತ್ತು ಅವಂಗೆ" ಅಂದಳು. ಅದೂ ಪೂರ್ತಿ ನಿಜವಲ್ಲ. ಅಪ್ಪ ಹೇಳದಿದ್ದರೂ ನಾನು ಮುಚ್ಚಿಡುತ್ತಿದ್ದೆ.

ಪಂದ್ಯ ಆ ವರ್ಷ ಸೊರಬದಲ್ಲಿತ್ತು. ನಾವು ಎಂಟು ಜನ ಹೋದೆವು. ಭಾಮೈದ ತನ್ನ ಕಡೆಯ ಇಬ್ಬರನ್ನು ನಮಗೆ ಕೊಟ್ಟ. ಅವತ್ತು ಅವನು ಒಂದೂ ತಮಾಷೆ ಮಾಡಲಿಲ್ಲ. ಅದೇ ನನಗೆ ಮುಜುಗರ. ನಮ್ಮ ಗೋಲ್‌ಕೀಪರಿಗೆ ಸೊಂಟ ಹಿಡಿದಿತ್ತು, ಹಾಗಾಗಿ ನಾನೇ ಗೋಲಿನಲ್ಲಿ ನಿಂತೆ. ಮಗ ಹಳದಿ ಅಂಗಿಯಲ್ಲಿದ್ದ. ಅವನ ಸುತ್ತ ಅವನಷ್ಟೇ ಜೋರಾಗಿ ಓಡುವವರು ಇರುವುದನ್ನು ನಾನು ನೋಡಿದ್ದು ಅದೇ ಮೊದಲು. ಚೆಂಡು ಎಲ್ಲಿ ಬೇಕೋ ಅಲ್ಲಿಗೆ ಬರುತ್ತಿತ್ತು. ನಮ್ಮ ಬಯಲಿನಲ್ಲಿ ಅವನು ಪ್ರತಿ ಸಲವೂ ನಿಂತು ನಮಗಾಗಿ ಕಾಯಬೇಕಿತ್ತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಎರಡನೇ ಅರ್ಧದಲ್ಲಿ ಅವನೊಬ್ಬನೇ ಚೆಂಡು ತಂದ. ನಮ್ಮವರು ಯಾರೂ ಹತ್ತಿರವಿರಲಿಲ್ಲ. ನಾನು ಮುಂದಕ್ಕೆ ಬಂದು ಕೈ ಅಗಲಿಸಿದೆ. ಜೋರಾಗಿ ಒದೆಯಲಿ, ಎದೆಗೇ ಬೀಳಲಿ ಅಂತಿತ್ತು. ಅವನು ಒದೆಯಲಿಲ್ಲ. ಚಿಕ್ಕ ಮಕ್ಕಳ ಜೊತೆ ಆಡುವಾಗ ಮಾಡುತ್ತಾರಲ್ಲ, ಹಾಗೆ ಮೆತ್ತಗೆ ನನ್ನ ಮಗ್ಗುಲಿಗೆ ತಳ್ಳಿದ. ಚೆಂಡು ಉರುಳಿಕೊಂಡು ಒಳಗೆ ಹೋಯಿತು. ನಾನು ಬೀಳಲಿಲ್ಲ. ಅವನು ತನ್ನವರ ಕಡೆ ಓಡಿಹೋದ.

ಆಟ ಮುಗಿದ ಮೇಲೆ ನೀರಿನ ಬಾಟಲಿ ಹಿಡಿದು ಬಂದ. "ಮಾವನ ಮನೇಲಿ ಊಟ ಮಾಡ್ಯಾರೆ. ಇರು ಅಪ್ಪ."

"ಟೀಮ್ ಜೊತೆ ಬಂದೀನಿ. ಅವ್ರ ಜೊತೆನೇ ಹೋಗ್ತೀನಿ."

"ಆತು," ಅಂದ. ಬಸ್ಸಿನವರೆಗೆ ಬಲೆಯ ಚೀಲ ಹೊತ್ತು ತಂದು, ಮೇಲೆ ಇಟ್ಟು, ಇಳಿದು ಹೋದ.

ಬಸ್ಸು ಶಿರಾಳಕೊಪ್ಪ ದಾಟಿತು. ಆಮೇಲೆ ಆಟೋದವನು ಹಿಂದಿನ ಸೀಟಿನಿಂದ ಬಗ್ಗಿ, ಎಷ್ಟೋ ವರ್ಷಗಳಿಂದ ಕೇಳುವ ಹಾಗೆ ಕೇಳಿದ, "ಅಣ್ಣ, ಭಾನ್ವಾರ ಎಷ್ಟೊತ್ತಿಗೆ?"

ಹೇಳಬೇಕಾದವನು ನಾನೇ. ಕಿಟಕಿ ಕಡೆ ನೋಡುತ್ತಾ ಅಂದೆ, "ಬ್ಯಾಡ ಕಣ್ರಪ್ಪ. ಕ್ಲಬ್ಬು ಮುಚ್ಚೇತಿ."

"ಯಾವಾಗ?"

"ಬಾಳ ದಿನ ಆತು."

ಅವನು ನಗಲು ಹೊರಟು ನನ್ನ ಮುಖ ನೋಡಿ ಬಿಟ್ಟ. ಸ್ವಲ್ಪ ದೂರ ಹೋದ ಮೇಲೆ ಅವನು ಮೆಲ್ಲಗೆ ಫೋನಿನಲ್ಲಿ ಹೆಂಡತಿಗೆ ಹೇಳುವುದು ಕೇಳಿಸಿತು. "ಬರೋ ಭಾನ್ವಾರ ನಿಮ್ಮಮ್ಮನ ಮನಿಗೆ ಹೋಗಿ ಬರಾಣ. ಇಲ್ಲ, ನಂಗೇನೂ ಕೆಲ್ಸ ಇಲ್ಲ."

ಉಡುತಡಿಯ ರೈತ ತನ್ನೂರಿನ ಕ್ರಾಸಿನಲ್ಲಿ ಇಳಿಯಲು ಎದ್ದ. ಇಪ್ಪತ್ತು ವರ್ಷ ಒಟ್ಟಿಗೆ ಆಡಿದ್ದೇವೆ. ಬಂದಾಗ ಬಂದೆ ಅನ್ನುವುದು, ಹೋಗುವಾಗ ಬರ್ತೀನಿ ಅನ್ನುವುದು, ಅಷ್ಟೇ ಇದ್ದದ್ದು. ಅವತ್ತು ಅವನು ಬಸ್ಸಿನ ಕಂಬಿ ಹಿಡಿದು ನಿಂತು, ಬಲಗೈ ಚಾಚಿ, ಹೊಸಬರಿಗೆ ಕೊಡುವ ಹಾಗೆ ನನಗೆ ಕೈ ಕೊಟ್ಟ.